ಎಡಗೈ ಉಳಿದ ಹೆಣ

ಬಟ್ಟೆ ಒಗೆಯಲು ಹೊಳೆಗೆ ಇಳಿದ ಅಯ್ಯಮ್ಮನಿಗೆ ಮೊದಲು ಕಂಡದ್ದು ಒಂದು ಕಾಲು.

ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಬೂಟು ಹಾಗೇ ಇತ್ತು. ಯಾವನೋ ಕುಡಿದು ಬಿದ್ದಾನೆ ಅಂದುಕೊಂಡಳು. ಇನ್ನೊಂದು ಹೆಜ್ಜೆ ಮುಂದಿಟ್ಟಳು. ಮುಖದ ಅರ್ಧ ಇರಲಿಲ್ಲ. ಬಲಗೈ ಮಣಿಕಟ್ಟಿನಿಂದಾಚೆ ಇರಲಿಲ್ಲ. ಬಟ್ಟೆಯ ಗಂಟು ಅಲ್ಲೇ ಎಸೆದು ಓಡಿದಳು.

ಗೂಗಲ್ ಊರು ದಾಟಿ ಹೊಳೆದಂಡೆ ಹಿಡಿದು ಮೇಲಕ್ಕೆ ಹೋದರೆ ಅರಣ್ಯದವರ ತಂತಿ ಬೇಲಿ ಸಿಗುತ್ತದೆ. ಒಳಗೆ ನೀರುನಾಯಿ, ಮೊಸಳೆ ಇರುವ ದಂಡೆ. ಅಲ್ಲಿ ಬಲೆ ಬೀಸುವಂತಿಲ್ಲ, ಉಸುಕು ಎತ್ತುವಂತಿಲ್ಲ. ತಂತಿಯ ಈಚೆ ಎರೆ ನೆಲದ ತುಂಬ ಸುಣ್ಣದ ಗೆರೆ. ಅಲ್ಲಿ ಹೊಸ ಊರು ಏಳಬೇಕು. ಹೊಳೆ ಉಕ್ಕಿದ ವರ್ಷ ಮೂರು ಹಳ್ಳಿ ಮುಳುಗಿದ್ದವು. ಆ ಹಳ್ಳಿಗಳ ಜನ ಅಂದಿನಿಂದ ತಗಡಿನ ಶೆಡ್ಡುಗಳಲ್ಲಿ ಬೇಯುತ್ತ ಈ ಊರಿನ ದಾರಿ ಕಾಯುತ್ತಿದ್ದರು. ಸುಣ್ಣದ ಗೆರೆ ಅಷ್ಟಕ್ಕೇ ನಿಂತಿರಲಿಲ್ಲ. ಒಂದು ಕಡೆ ತಂತಿ ದಾಟಿ ನೀರಿನ ತನಕ ಹೋಗಿತ್ತು. ಅಲ್ಲಿ ಹೊಸ ಊರಿನ ಘಾಟು, ನೀರಿಗಿಳಿಯುವ ಮೆಟ್ಟಿಲು, ಬರಬೇಕಂತೆ. ಆ ಜಾಗ ಬಿಟ್ಟುಕೊಡುವುದೋ ಬೇಡವೋ ನೋಡಲು ದಿಲ್ಲಿಯಿಂದ ಒಂದು ತಂಡ ಬರುವುದಿತ್ತು.

ಸತ್ತವನು ಶಿವರಾಜ. ಅದೇ ತಂತಿ ಕಾಯುವ ವಾಚರ್.

ಪಿಎಸ್‌ಐ ನಾಗವೇಣಿ ಜೀಪು ಇಳಿಯುವ ಹೊತ್ತಿಗೆ ಶೆಡ್ಡಿನ ಜನವೆಲ್ಲ ದಂಡೆಯ ಮೇಲಿತ್ತು.

"ಮೊಸಳಿ ಹಿಡದದ ಮೇಡಂ," ಅಂದ ಒಬ್ಬ. "ಇವತ್ತು ಇವ. ನಾಳಿ ನಮ್ಮ ಹುಡುಗ್ರು."

"ಕಾಯಾಂವನ್ನs ತಿಂತು ನೋಡ್ರಿ," ಅಂದ ಇನ್ನೊಬ್ಬ. "ಎಷ್ಟು ನಿಯತ್ತು."

ನಾಗವೇಣಿ ಹೆಣದ ಪಕ್ಕ ಕೂತಳು. ಅಂಗಿ ಹೆಗಲಲ್ಲಿ ಹರಿದಿತ್ತು, ಬೆನ್ನಲ್ಲಿ ಹರಿದಿತ್ತು. ಎದೆಯ ಮೇಲಿನ ಮೂರು ಗುಂಡಿ ಮಾತ್ರ ಬಿಚ್ಚಿದ್ದವು. ಕಿತ್ತಿರಲಿಲ್ಲ. ಸಾವಕಾಶ ಬಿಚ್ಚಿದ ಹಾಗಿತ್ತು.

"ಹುಲಿಗೆಪ್ಪ, ಇಲ್ನೋಡು."

ಕಾನ್‌ಸ್ಟೇಬಲ್ ಹುಲಿಗೆಪ್ಪ ಬಗ್ಗಿ ನೋಡಿದ. ನಿವೃತ್ತಿಗೆ ಹತ್ತಿರ ಬಂದ ಮನುಷ್ಯ. ಹೆಣ ಅವನಿಗೆ ಹೊಸದಲ್ಲ.

"ಗುಂಡಿ ಬಿಚ್ಚಿ ಉಣ್ಣೋ ಮೊಸಳಿ ನಾ ಕಂಡಿಲ್ರಿ ಮೇಡಂ. ಭಾಳ ಸಂಭಾವಿತ ಇರಬೇಕು."

ಅಷ್ಟರಲ್ಲಿ ಜನ ಸರಿದು ದಾರಿ ಕೊಟ್ಟರು. ಶಿವರಾಜನ ತಾಯಿ ಬಸವಂತಮ್ಮ ಬಂದಳು. ಅಳಲಿಲ್ಲ. ಮಗನ ಮುಖ ನೋಡಲೂ ಇಲ್ಲ. ಸೀದಾ ಕೊರಳಿಗೆ ಕೈ ಹಾಕಿದಳು. ತಡಕಿದಳು. ಬಿಸಿಲಿಗೆ ಕರ್ರಗಾದ ಆ ಕೊರಳಿನಲ್ಲಿ ಒಂದು ಬಿಳಿ ಗೆರೆ ಮಾತ್ರ ಇತ್ತು.

"ಲಿಂಗ ಎಲ್ಲದ?" ಅಂದಳು.

ಅಂಗಿಯ ಒಳಗೂ ಕೈಯಾಡಿಸಿದಳು.

"ಶಿವದಾರ ಎಲ್ಲದ? ಹುಟ್ಟಿದಾಗ ಕಟ್ಟಿದ್ದು. ಅಂಗೈಯಾಗ ಅದನ್ನ ಇಡದs ನಾ ಇವನ್ನ ಮಣ್ಣಿಗೆ ಇಡಂಗಿಲ್ಲ."

ಲಿಂಗವಂತರಲ್ಲಿ ಹಾಗೇ. ಕೂಸಿನ ಮೈಮೇಲೆ ಕಟ್ಟಿದ ಲಿಂಗ ಸಾಯುವ ತನಕ ಮೈ ಬಿಡುವುದಿಲ್ಲ. ಸತ್ತ ಮೇಲೆ ಕುಣಿಯಲ್ಲಿ ಕೂರಿಸಿ, ಎಡ ಅಂಗೈಯಲ್ಲಿ ಅದನ್ನಿಟ್ಟು ಮಣ್ಣು ಮುಚ್ಚುತ್ತಾರೆ.

ಮರಿಸ್ವಾಮಿ ಸಾಹುಕಾರರು ಕೊಡೆ ಮಡಚಿ ಹತ್ತಿರ ಬಂದರು. ಪೋತ್ನಾಳದಲ್ಲಿ ಅಕ್ಕಿ ಗಿರಣಿ. ಆದರೆ ಹುಟ್ಟಿದ್ದು ಮುಳುಗಿದ ಮೂರರಲ್ಲಿ ಒಂದು ಹಳ್ಳಿಯಲ್ಲಿ. ಹೊಸ ಊರಿನ ಸಮಿತಿಗೆ ಅವರೇ ಅಧ್ಯಕ್ಷರು. ಹಣೆಯ ಮೇಲೆ ವಿಭೂತಿ ಬೆವರಿಗೆ ತೊಯ್ದಿತ್ತು.

"ಯವ್ವಾ, ಮೂಕಪ್ರಾಣಿ. ಅದಕ್ಕೇನ್ ಗೊತ್ತಾಗ್ತದ," ಅಂದರು.

ಗುಂಪಿನಿಂದ ಒಬ್ಬ ಕೂಗಿದ. "ಲಿಂಗ ಮೊಸಳಿ ಹೊಟ್ಯಾಗದ. ಹೊಟ್ಟಿ ಸೀಳೂಣು."

ಸಾಹುಕಾರರು ಅವನ ಕಡೆ ತಿರುಗಿದರು. ಬೇಡ ಅನ್ನಲಿಲ್ಲ.

*

ದೇವದುರ್ಗದ ದವಾಖಾನೆಯಲ್ಲಿ ಡಾಕ್ಟರ್ ಅನ್ವರಿ ಬೇಗಂ ಕೈಗವಸು ತೆಗೆದು ತೊಟ್ಟಿಗೆ ಹಾಕಿದರು.

"ತಲಿ ಹಿಂದ ಪೆಟ್ಟದ. ಬುರುಡಿ ಒಡದದ. ಕಬ್ಬಿಣದ್ದು, ಭಾರದ್ದು. ಮೊಸಳಿ ಹಲ್ಲು ಆಮ್ಯಾಲಿಂದು. ಅಷ್ಟೊತ್ತಿಗೆ ಜಾನ್ ಹೋಗಿತ್ತು."

"ಯಾವಾಗ?" ಕೇಳಿದಳು ನಾಗವೇಣಿ.

"ನಿನ್ನಿ ನಡು ಮಧ್ಯಾಹ್ನ ಅನ್ನಿ."

"ಕೈ?"

"ಹೆಣದಾಗ ಉಳದಿದ್ದು ಕಚ್ಚಿ ಕಚ್ಚಿ ಹಾಳಾಗೇದ. ಆ ಕಡಿ ತುಂಡು ಸಿಕ್ಕಿದ್ರ ಹೇಳತಿದ್ದೆ. ಈಗ ಅದು ಎಲ್ಲಿ ಸಿಗತದ ಬಿಡ್ರಿ."

ಆಗಲೇ ಹುಲಿಗೆಪ್ಪನ ಫೋನು ಬಂತು.

"ಜಲ್ದಿ ಬರ್ರಿ ಮೇಡಂ. ಮೊಸಳಿ ಹಿಡದಾರ. ನನ್ನ ಮಾತು ಒಬ್ಬ ಕೇಳವಲ್ಲ."

*

ನಾಗವೇಣಿ ಬರುವಷ್ಟರಲ್ಲಿ ಮುಗಿದಿತ್ತು. ಟ್ರ್ಯಾಕ್ಟರಿನ ಹಗ್ಗ ಹಾಕಿ ಎಳೆದು ತಂದಿದ್ದರು. ಕಲ್ಲು ಹೊಡೆದು ಕಣ್ಣು ಒಡೆದಿದ್ದರು. ಬಾಯಿಗೆ ಹಾರೆ ತುರುಕಿದ್ದರು. ಬಾಲ ಇನ್ನೂ ಅಲುಗುತ್ತಿತ್ತು. ಹೊಟ್ಟೆಯ ಉದ್ದಕ್ಕೂ ಕೊಡಲಿ ಇಳಿಸಿದ್ದರು. ಉಸುಕಿನ ಮೇಲೆ ಕರುಳು, ಮೀನಿನ ಮುಳ್ಳು, ಉರುಟು ಕಲ್ಲು.

ಲಿಂಗ ಇರಲಿಲ್ಲ.

ಒಂದು ಕೈ ಇತ್ತು. ಇಡಿಯಾಗಿ ನುಂಗಿತ್ತು. ಬೆಳ್ಳಗೆ ಬೆಂದ ಹಾಗಾಗಿತ್ತು.

ನಾಗವೇಣಿ ಕರ್ಚೀಫಿನಲ್ಲಿ ಅದನ್ನು ಎತ್ತಿದಳು. ಮಣಿಕಟ್ಟಿನ ಕಡೆ ತಿರುಗಿಸಿದಳು. ಎಲುಬು ಕಬ್ಬಿನ ತುಂಡಿನ ಹಾಗೆ ನುಣ್ಣಗೆ ತುಂಡಾಗಿತ್ತು. ಜನರಿಗೂ ಕಾಣಲಿ ಅಂತ ಎತ್ತಿ ಹಿಡಿದಳು.

"ಮೊಸಳಿ ಹಿಡದು ತಿರುವಿ ಕೀಳ್ತದ. ಇದನ್ನ ಕೊಡ್ಲಿಲೆ ಕಡದು ಒಗದಾರ. ಯಾರೋ ಮನಿಷಾನs ಕೊಂದಾನ."

ಜನ ಬಗ್ಗಿ ನೋಡಿದರು. ಅವರೇ ಸೀಳಿದ ಹೊಟ್ಟೆ. ಅವರೇ ತೆಗೆದ ಕೈ. ಈಗ ಮೊಸಳೆಯ ಮೇಲೆ ಹಾಕುವಂತಿರಲಿಲ್ಲ. ಕೈಯಲ್ಲಿ ಕಲ್ಲು ಮಾತ್ರ ಇನ್ನೂ ಇದ್ದವು.

"ಗೌತಮನ ಹತ್ರ ಕೊಡ್ಲಿ ಅದ," ಅಂತು ಒಂದು ದನಿ.

ಗೌತಮ ಅಲ್ಲೇ, ಕೂಗಳತೆಯಲ್ಲಿ, ಬೋರಲು ಹಾಕಿದ ಹರಿಗೋಲಿಗೆ ಡಾಂಬರು ಬಳಿಯುತ್ತಿದ್ದ. ಅವನೂ ಶೆಡ್ಡಿನವನೇ. ಸಾಲಿನ ಕಟ್ಟಕಡೆಯ ಶೆಡ್ಡು, ಕೇರಿಯವರದು. ಚಳಿಗಾಲದಲ್ಲಿ ಅವನ ಬಲೆಯನ್ನು ಶಿವರಾಜ ಸುಟ್ಟಿದ್ದ. ಕೈ ಮುರಿತೀನಿ ಮಗನ ಅಂತ ಗೌತಮ ಎಲ್ಲರೆದುರಿಗೆ ಅಂದಿದ್ದ.

"ಕೈ ಮುರಿತೀನಿ ಅಂದಿದ್ದಿಲ್ಲೇನಲೇ?"

"ಅಂದಿದ್ದೆ. ಅದು ಆವಾಗ. ಈಗ ನಾವು..."

ಮಾತು ಮುಗಿಯಲಿಲ್ಲ. ಮೊದಲ ಏಟು ಹುಟ್ಟಿನದು, ಅವನ ಹರಿಗೋಲಿನದೇ ಹುಟ್ಟು. ದವಡೆ ಮುರಿದ ಸದ್ದು ಹುಲಿಗೆಪ್ಪನಿಗೂ ಕೇಳಿಸಿತು. ಅವನು ಬಿದ್ದ ಮೇಲೆ ಎಲ್ಲರೂ ಅವನ ಮೇಲೆರಗಿದರು. ಒಬ್ಬ ಎದೆಯ ಮೇಲೆ ಹತ್ತಿ ಕುಣಿದ. ಇನ್ನೊಬ್ಬ ಡಾಂಬರಿನ ಕಾದ ಡಬ್ಬಿ ಎತ್ತಿ ತಲೆಯ ಮೇಲೆ ಸುರಿದ. ನಾಗವೇಣಿ ಮೇಲಕ್ಕೆ ಗುಂಡು ಹಾರಿಸಿದಳು. ಮತ್ತೊಂದು ಹಾರಿಸಿದಳು. ಜನ ಚದುರಿದರು.

ಗೌತಮನ ಎಡಗಣ್ಣು ಇರುವ ಜಾಗದಲ್ಲಿ ಡಾಂಬರು ಹೊಗೆಯಾಡುತ್ತಿತ್ತು.

*

ರಾಯಚೂರಿನ ದೊಡ್ಡ ದವಾಖಾನೆ. ಗೌತಮನಿಗೆ ಎಚ್ಚರವಿಲ್ಲ. ತಲೆಯೊಳಗೆ ರಕ್ತ ಕಟ್ಟಿದೆ, ಈಗಲೇ ಏನೂ ಹೇಳಲಾಗದು ಅಂದರು. ಹೊರಗೆ ಬೆಂಚಿನ ಮೇಲೆ ಅವನ ತಾಯಿ ಗೋಪಮ್ಮ.

ಮೇಲಿನ ಸಾಹೇಬರು ಫೋನಿನಲ್ಲಿ ಹೇಳಿದ್ದರು. ಜಗಳ ಅದ, ಕೊಡಲಿ ಅದ, ಅವನ ಹೆಸರೇ ಹಾಕು, ಜನ ತಣ್ಣಗಾಗ್ತಾರೆ. ಹಾಕದಿದ್ದರೆ ಇವತ್ತೋ ನಾಳೆಯೋ ಕೇರಿಗೆ ಬೆಂಕಿ ಬೀಳುತ್ತದೆ.

ನಾಗವೇಣಿ ಬೆಂಚಿನ ತುದಿಗೆ ಕೂತಳು.

"ಊರು ಯಾವುದವ್ವಾ ನಿಂದು?" ಕೇಳಿದಳು ಗೋಪಮ್ಮ.

"ಮಾನ್ವಿ."

"ಯಾ ಓಣಿ?"

ನಾಗವೇಣಿ ಹೇಳಿದಳು.

"ಹಂಗಾದ್ರ ನಮ್ಮಾಕಿನ. ಮತ್ತ ಈ ಖಾಕಿ ಯದಕ್ಕ ಹಾಕ್ಕೊಂಡೀಯ? ಬಿಸಲಿಗಾ?"

ನಾಗವೇಣಿ ತಲೆ ತಗ್ಗಿಸಿದಳು. ಟೊಪ್ಪಿಗೆ ತೆಗೆದು ಬೆಂಚಿನ ಮೇಲಿಟ್ಟು ಕೇಳಿದಳು. "ಅವರಿಬ್ಬರ ನಡುವ ಜಗಳ ಇತ್ತಲ್ಲಾ?"

"ಇತ್ತು. ಆಮ್ಯಾಲೆ ಹೋತು. ದಂಡ್ಯಾಗ ನೀರನಾಯಿ ಮರಿ ಹಾಕ್ಯಾವ. ಶಿವರಾಜ ನನ್ನ ಮಗನ್ನ ಕರಕೊಂಡು ಹೋಗಿ ತೋರಿಸಿದ. ಘಾಟಿನ ಸುಣ್ಣದ ಗೆರಿ ಅದ ನೋಡು, ಅದರ ಬುಡಕs ಬಿಲ. ದಿಲ್ಲಿ ಮಂದಿ ಬಂದಾಗ ಹರಿಗೋಲಿನಾಗ ಕೂಡಿಸ್ಕೊಂಡು ಅಲ್ಲಿ ಬಿಡು ಅಂತ ಕೇಳಿದ್ದ. ಅದಕ್ಕs ಡಾಂಬರು ಬಳ್ಯಾಕತ್ತಿದ್ದ ನನ್ನ ಮಗ."

"ಬಿಲ ಕಂಡ್ರ ಹೊಸ ಊರು ನಿಲ್ತಿತ್ತು."

"ನಿಲ್ತಿತ್ತೋ, ಹಿಂದಕ್ಕ ಸರೀತಿತ್ತೋ. ನಮಗೂ ಅಲ್ಲೇ ಮನಿ ಬರೋದಿತ್ತು. ನಾನೂ ಬೈದೆ. ಮರಿ ನೋಡಿ ಬಂದಾನ, ಕೇಳಲಿಲ್ಲ."

"ಇದು ಮತ್ತ್ಯಾರಿಗೆ ಗೊತ್ತಿತ್ತು?"

"ಮುಚ್ಚಿಟ್ಟು ಮಾಡಬಾರದು, ಊರ ಹಿರ್ಯಾರಿಗೆ ಒಂದು ಮಾತು ಹೇಳ್ತೀನಿ ಅಂದಿದ್ದ ಶಿವರಾಜ. ಯಾರಿಗೆ ಹೇಳಿದನೋ. ಈಗ ಹೇಳಾಕ ಅವ ಇಲ್ಲ. ಇವ ಬಾಯಿ ಬಿಡವಲ್ಲ. ನನ್ನ ಮಾತು ಯಾರು ನಂಬ್ತಾರ?"

*

ಹಿಂದಿರುಗುವ ದಾರಿಯಲ್ಲಿ ಹುಲಿಗೆಪ್ಪ ಜೀಪು ನಡೆಸುತ್ತಿದ್ದ.

"ಆ ಲಿಂಗ ಬೆಳ್ಳಿ ಕರಡಿಗೆಯಾಗ ಇತ್ತೇನು?" ಕೇಳಿದಳು ನಾಗವೇಣಿ.

"ಇಲ್ರಿ. ಅರಿವಿ ಚೀಲದಾಗ. ಮಾರಿದ್ರ ಒಂದು ಚಾ ಬರಂಗಿಲ್ಲ."

"ಮತ್ತ ಯಾಕ ಒಯ್ದ?"

ಹುಲಿಗೆಪ್ಪ ಗೇರು ಬದಲಿಸಿದ.

"ಎಡಗೈ ಹಂಗs ಅದ. ಉಗುರು ಸೈತ ಕಿತ್ತಿಲ್ಲ. ಬಲಗೈ ಮಾತ್ರ ಕಡದಾನ."

ನಾಗವೇಣಿ ಜೀಪನ್ನು ಬಸವಂತಮ್ಮನ ಶೆಡ್ಡಿಗೆ ತಿರುಗಿಸಲು ಹೇಳಿದಳು. ಒಳಗೆ ಇಬ್ಬರೇ ಬಹಳ ಹೊತ್ತು ಮಾತಾಡಿದರು.

"ನಿನ್ನ ಮಗನ ಲಿಂಗಕ್ಕ ಏನರ ಗುರುತದ ಏನವ್ವಾ?"

"ಎಲ್ಲಾರದ್ದೂ ಕರೇನs. ಆದರ ಸಣ್ಣಾಂವ ಇದ್ದಾಗ ಕಲ್ಲಿನ ಮ್ಯಾಲೆ ಕೆಡವಿದ್ದ. ಮ್ಯಾಲಿನ ಕಂತಿ, ಆ ಕರೇ ಲೇಪ, ಒಂದು ಕಡಿ ಸಿಡಿದಿತ್ತು. ಅರಗು ಕಾಸಿ ನಾನs ತುಂಬಿದೆ. ಕಣ್ಣಿಗೆ ಕಾಣಂಗಿಲ್ಲ. ಬೆರಳಿಗೆ ಗೊತ್ತಾಗ್ತದ."

"ಇದನ್ನ ಯಾರಿಗೂ ಹೇಳಬ್ಯಾಡ. ನಾ ಹೇಳಿದಂಗ ಮಾಡ್ತೀಯ?"

"ಕೊಂದಾಂವ ಸಿಗ್ತಾನಾ?"

"ಸಿಗಬಹುದು."

ಬಸವಂತಮ್ಮ ಹೊರಗೆ ಬಂದಳು. ಸಮಿತಿಯವರು, ಶೆಡ್ಡಿನವರು, ಎಲ್ಲ ಕೂತಿದ್ದರು.

"ನಾಳಿ ಮಣ್ಣು ಮಾಡೂಣು. ಮಠದಿಂದ ಬ್ಯಾರೆ ಲಿಂಗ ತರ್ರಿ. ಅದನ್ನs ಕೈಯಾಗ ಇಟ್ಟು ಮುಚ್ಚೂಣು."

ಹಿರಿಯರು ಕೆಲವರು ತಲೆಯಾಡಿಸಿದರು. ಮರಿಸ್ವಾಮಿ ಸಾಹುಕಾರರ ಮುಖ ಬಾಡಿತು.

"ದೀಕ್ಷಾದ ಲಿಂಗ ಬಿಟ್ಟು ಬ್ಯಾರೆದಾ? ಜೀವ ದಾರಿ ತಪ್ತದವ್ವಾ."

"ತಪ್ಪಲಿ ಬಿಡ್ರಿ. ಎಷ್ಟು ದಿನ ಹೆಣ ಕೊಳಿಸ್ಲಿ?"

ಸಾಹುಕಾರರು ಕೊಡೆಯ ಹಿಡಿಕೆ ತಿರುವುತ್ತ ಕೂತರು. ಆಮೇಲೆ, ಮಠದ ಅಯ್ಯನವರನ್ನು ತಮ್ಮ ಕಾರಿನಲ್ಲೇ ಕರೆತರುವುದಾಗಿ ಹೇಳಿದರು.

*

ಕುಣಿ ಆಳವಾಗಿತ್ತು. ಒಳಗೆ ಮೂರು ಮೆಟ್ಟಿಲು, ಎದುರು ಗೋಡೆಯಲ್ಲಿ ಗೂಡು. ಹೆಣವನ್ನು ಪದ್ಮಾಸನ ಹಾಕಿಸಿ ಕೂರಿಸಿದ್ದರು. ಹರಿದ ಮುಖಕ್ಕೆ ಬಿಳಿ ಬಟ್ಟೆ ಸುತ್ತಿದ್ದರು. ಬಿಸಿಲಿಗೆ ನಾತ ಎದ್ದಿತ್ತು. ಬಿಲ್ವಪತ್ರಿ, ವಿಭೂತಿ ಗಟ್ಟಿ ಅಂಚಿನಲ್ಲಿ ಕಾದಿದ್ದವು.

ಕಾರು ಬಂತು. ಅಯ್ಯನವರು ಇಳಿದರು, ಮುಪ್ಪಿನವರು, ಕೋಲು ಊರಿಕೊಂಡು. ಹಿಂದೆ ಸಾಹುಕಾರರು. ಅವರ ಎರಡೂ ಕೈಯಲ್ಲಿ ರೇಷ್ಮೆ ಬಟ್ಟೆ ಸುತ್ತಿದ ಕರಡಿಗೆ. ಅಯ್ಯನವರು ಅದನ್ನು ಇಸಿದುಕೊಂಡು ಬಟ್ಟೆ ಬಿಡಿಸಿದರು. ಲಿಂಗ ತೆಗೆದರು. ಎಲ್ಲರೂ ಕೈ ಮುಗಿದರು.

"ಹಡದಾಕಿ ಮುಟ್ಟಿ ಕೊಡಲಿ," ಅಂದಳು ನಾಗವೇಣಿ.

ಬಸವಂತಮ್ಮ ಅದನ್ನು ಅಂಗೈಯಲ್ಲಿ ಹಿಡಿದಳು. ಹೆಬ್ಬೆರಳು ಆಡಿಸಿದಳು. ಒಂದು ಸುತ್ತು. ಇನ್ನೊಂದು ಅರ್ಧ ಸುತ್ತು. ಬೆರಳು ನಿಂತಿತು.

"ಇದು ನನ್ನ ಮಗಂದು," ಅಂದಳು.

ಅಯ್ಯನವರು ಬಗ್ಗಿ ನೋಡಿದರು. ಹುಬ್ಬು ಗಂಟಿಕ್ಕಿದರು.

"ಹೌದವ್ವಾ. ಇದು ಹಳೇದು. ನಾ ಮಠದಾಗ ಸಾಹುಕಾರ್ರ ಕೈಯಾಗ ಇಟ್ಟದ್ದು ಹೊಸಾದು."

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು. ಮರಿಸ್ವಾಮಿ ಎರಡೂ ಕೈ ಮೇಲೆತ್ತಿದರು.

"ಶಿವನ ಲೀಲಾ. ಅವನs ತಂದು ಇಟ್ಟಾನ."

ಕೆಲವರು ಹರಹರ ಅಂದರು. ನಾಗವೇಣಿ ಅವರ ಎದುರಿಗೆ ಬಂದು ನಿಂತಳು.

"ಇರಲಿ. ಹಳೇದು ಶಿವ ಕೊಟ್ಟ. ಹೊಸಾದು ಎಲ್ಲಿ ಹೋತ್ರಿ?"

ಸಾಹುಕಾರರು ಕಾರಿನ ಕಡೆ ತಿರುಗಿದರು.

"ನೀವು ಅದನ್ನ ಮುಳ್ಳಕಂಟ್ಯಾಗ ಒಗ್ಯೋ ಮನಿಷಾರಲ್ಲ. ಕಾರಿನ ಸೀಟಿನ ಮ್ಯಾಲೂ ಬಿಡೋದಿಲ್ಲ. ಮೈಮ್ಯಾಲೆ ಇರಬೇಕು. ಅಂಗಿ ಬಿಚ್ಚರಿ."

"ನನ್ನ ಮುಟ್ಟಬ್ಯಾಡ ನೀನು."

"ನಾ ಮುಟ್ಟಂಗಿಲ್ಲ. ಅಯ್ಯನವರು ನೋಡಲಿ."

ಅಯ್ಯನವರು ಗುಂಡಿ ಬಿಚ್ಚಿದರು. ಕೊರಳಲ್ಲಿ ಸಾಹುಕಾರರದೇ ಲಿಂಗ, ಬೆಳ್ಳಿ ಕರಡಿಗೆಯಲ್ಲಿ. ಅದರ ಕೆಳಗೆ, ಎದೆಗೆ ಅವುಚಿ ಕಟ್ಟಿದ ಬಿಳಿ ಬಟ್ಟೆಯಲ್ಲಿ ಇನ್ನೊಂದು. ಹೊಚ್ಚ ಹೊಸದು. ವಿಭೂತಿ ಹಚ್ಚಿತ್ತು. ಒಂದು ಬಿಲ್ವದ ದಳವೂ ಇತ್ತು.

ಮುಂದಿನದನ್ನು ಯಾರಿಂದಲೂ ತಡೆಯಲಾಗಲಿಲ್ಲ. ಬಸವಂತಮ್ಮ ಮಗನ ಲಿಂಗವನ್ನು ಸೆರಗಿಗೆ ಕಟ್ಟಿಕೊಂಡು, ಕುಣಿ ತೋಡಿದ ಗುದ್ದಲಿ ಎತ್ತಿದಳು. ಮೊದಲ ಪೆಟ್ಟಿಗೆ ಸಾಹುಕಾರರ ಹೆಗಲ ಎಲುಬು ಮುರಿಯಿತು. ಎರಡನೆಯದು ತಲೆಯ ಮೇಲೆ ಬೀಳುವುದಿತ್ತು. ನಾಗವೇಣಿ ಗುದ್ದಲಿಯ ಕಾವು ಹಿಡಿದು ಎಳೆದಳು. ಅಂಗೈ ಸುಲಿದು ಹೋಯಿತು. ಮರಿಸ್ವಾಮಿ ಮಣ್ಣಿನ ಗುಡ್ಡೆಯ ಮೇಲೆ ಉರುಳಿ, ಕುಣಿಯ ಅಂಚಿಗೆ ಬಂದು, ಸತ್ತವನ ಮುಖದ ಬಟ್ಟೆಗೆ ಎದುರಾಗಿ ಬಿದ್ದರು.

"ಯಾಕ ಕೊಂದ್ರಿ?" ಅಂದಳು ನಾಗವೇಣಿ.

"ಆ ಶೆಡ್ಡಿನಾಗ ಮಂದಿ ಬೇಯಾಕತ್ತಾರ," ಅಂದರು ಸಾಹುಕಾರರು. ದನಿ ತಗ್ಗಿತ್ತು. "ನನ್ನ ತಮ್ಮನ ಸೊಸಿ ಅಲ್ಲೇ ಹಡಿಯಾಕ ಹೋಗಿ ಸತ್ಲು. ನನ್ನ ಊರು ನನಗ ವಾಪಸ್ ಬೇಕಿತ್ತು, ಹೊಳಿ ದಂಡ್ಯಾಗs ಬೇಕಿತ್ತು. ಇವ ಮುಂಜಾನೆ ಬಂದು ನೀರನಾಯಿ ಮರಿ ಅದಾವ ಯಪ್ಪಾ, ಗೆರಿ ಹಿಂದಕ್ಕ ತಗೀರಿ ಅಂದ. ಮಧ್ಯಾಹ್ನ ಬರ್ತೀನಿ, ತೋರಸು ಅಂದೆ. ಬಗ್ಗಿ ಬಿಲ ತೋರಸ್ತಿದ್ದ. ಕೊಡ್ಲಿ ಬೆನ್ನಿಲೆ ಹೊಡದೆ."

"ಮೊಸಳಿ ಮ್ಯಾಲೆ ಹಾಕಿದ್ರ ಇವನೂ ಹೋದ, ಮೊಸಳಿನೂ ಹೋಗ್ತಾವ, ತಂತಿನೂ ಹೋಗ್ತದ."

"ಹೌದು."

"ಹೆಣ ಮೊಸಳಿಗೆ ಹಾಕೂಕಿಂತ ಮೊದ್ಲು ಗುಂಡಿ ಬಿಚ್ಚಿ ಲಿಂಗ ತಗದ್ರಿ. ಗೌತಮ ಕೊಂದಿದ್ರ ಅದನ್ನ ಯಾಕ ಬಿಚ್ಚತಿದ್ದ? ಅವಗ ಅದು ಒಂದು ಕಲ್ಲು. ರಕ್ತದ ವಾಸನಿಗೆ ಮೊಸಳಿ ಬರಲಿ ಅಂತ ಕೈ ಕಡದ್ರಿ, ಅದರಾಗೂ ಬಲಗೈ ಆರಿಸಿದ್ರಿ. ಎಡಗೈ ಲಿಂಗದ ಜಾಗ. ಕೊಂದಾಂವ ಲಿಂಗ ಕಟ್ಟಿದಾಂವ, ಅದೂ ಭಾಳ ನಂಬಿಕಿಯಾಂವ ಅಂತ ಅಲ್ಲೇ ತಿಳೀತು. ಹಂತಾವ ಈ ಹೆಣ ಬ್ಯಾರೆ ಲಿಂಗದ ಜೋಡಿ ಮಣ್ಣಿಗೆ ಹೋಗಾಕ ಬಿಡಂಗಿಲ್ಲ ಅನ್ನಿಸ್ತು. ಅದಕ್ಕs ಈ ಯವ್ವನ ಬಾಯಿಲೆ ಆ ಮಾತು ಆಡಸಿದೆ."

"ಮೊಸಳಿ ಬಾಯಿಗೆ ಲಿಂಗ ಹೋಗಬಾರದಿತ್ತು," ಅಂದರು ಮರಿಸ್ವಾಮಿ. "ಮನಿಷಾನ್ನ ಕಡದೀನಿ. ಲಿಂಗಕ್ಕ ಒಂದು ಹನಿ ರಕ್ತ ಹತ್ತಗೊಟ್ಟಿಲ್ಲ."

ಅಯ್ಯನವರು ಅವರ ಮುಖಕ್ಕೆ ಉಗುಳಿದರು. ಆಮೇಲೆ ಬಸವಂತಮ್ಮನ ಸೆರಗಿನಿಂದ ಲಿಂಗ ಬಿಡಿಸಿಕೊಂಡು, ಕುಣಿಗೆ ಇಳಿದು, ಶಿವರಾಜನ ಎಡ ಅಂಗೈಯಲ್ಲಿ ಇಟ್ಟರು.

ಸಂಜೆಯೊಳಗೆ ಪೋತ್ನಾಳದ ಗಿರಣಿಯ ಹಿಂದೆ, ಭತ್ತದ ಹೊಟ್ಟಿನ ಗುಡ್ಡೆ ಕೆದರಿದಾಗ, ಕೊಡಲಿಯೂ ಸಿಕ್ಕಿತು. ಕಾವಿನ ಸಂದಿಯಲ್ಲಿ ಕೂದಲು ಅಂಟಿತ್ತು.

*

ಗೌತಮನಿಗೆ ಎಚ್ಚರವಾದ ಸುದ್ದಿ ಬಂದಾಗ ನಾಗವೇಣಿ ರಾಯಚೂರಿಗೆ ಹೊರಟಳು. ಅಂಗೈಗೆ ಪಟ್ಟಿ ಕಟ್ಟಿತ್ತು.

ವಾರ್ಡಿನ ಬಾಗಿಲಲ್ಲಿ ಶೆಡ್ಡಿನ ಗಂಡಸರು ಕೆಲವರು ನಿಂತಿದ್ದರು. ಕೈಯಲ್ಲಿ ಬಾಳೆಹಣ್ಣು. ಆಕೆಯನ್ನು ಕಂಡು ದಾರಿ ಬಿಟ್ಟರು.

ಒಳಗೆ ಗೌತಮ ಗೋಡೆಗೆ ಒರಗಿದ್ದ. ದವಡೆಗೆ ತಂತಿ ಬಿಗಿದಿದ್ದರು. ಹಲ್ಲಿನ ಸಂದಿಯಿಂದ ಮಾತು ಬಂತು.

"ನಾ ಮಾಡಿಲ್ರಿ."

"ಗೊತ್ತದ. ಮಾಡಿದಾಂವ ಜೈಲಿನಾಗ ಅದಾನ. ನಿನ್ನ ಹೆಸರು ಎಲ್ಲೂ ಇಲ್ಲ."

ಉಳಿದ ಒಂದು ಕಣ್ಣಿನಿಂದ ಅವನು ಆಕೆಯನ್ನು ನೋಡಿದ.

"ಮತ್ತ ಹೊಡದೋರು?"

"ಅದಕ್ಕs ಬಂದೀನಿ. ನೀ ಹೇಳಬೇಕು."

ಗೌತಮ ಬಾಗಿಲ ಕಡೆ ತಿರುಗಿದ. ಬಾಳೆಹಣ್ಣು ಹಿಡಿದವರು ಅಲ್ಲೇ ಇದ್ದರು.

"ಗೆರಿ ಹಿಂದಕ್ಕ ತಗದು ಮ್ಯಾಲಿನ ನೆಲದಾಗ ಊರು ಕಟ್ಟತಾರಂತ. ಅವರೂ ಅಲ್ಲೇ ಇರ್ತಾರ, ನಾವೂ ಅಲ್ಲೇ. ಹೆಸರು ಹೇಳಿದ್ರ ಹೆಂಗ ಬಾಳೇವು ಮಾಡೋದ್ರಿ ಅವರ ಮಗ್ಗಲಿಗೆ?"

ಗೋಪಮ್ಮ ಮಂಚದ ಕೆಳಗಿನ ಸ್ಟೂಲು ಎಳೆದು ನಾಗವೇಣಿಗೆ ಕೊಟ್ಟಳು.

"ಹೇಳದಿದ್ರೂ ಅವರ ಮಗ್ಗಲಿಗೇ ಬಾಳಬೇಕು ಮಗನ," ಅಂದಳು. "ಹೇಳೇ ಬಾಳೂಣು."

ಗೋಪಮ್ಮ ಎದ್ದು ಬಾಗಿಲಿಗೆ ಹೋದಳು, ಮುಚ್ಚಲಿಲ್ಲ. ಪೂರ್ತಿ ತೆರೆದು ಬಂದು ಕೂತಳು.

ನಾಗವೇಣಿ ಪೆನ್ನು ತೆಗೆದಳು.

"ಹುಟ್ಟು ಎತ್ತಿದವನಿಂದ ಸುರು ಮಾಡು," ಅಂದಳು.